ಚೂರು ತೊಗಲಿನ ನಿವೇದನೆ

ವಿದಾರನೇ, ಮಾತಾಡದ ದೇವರೇ,

ನಿನ್ನನ್ನು ಹೇಗೆ ಕರೆಯಬೇಕೆಂದು ನನಗೆ ಯಾರೂ ಹೇಳಿಕೊಟ್ಟಿಲ್ಲ. ನಿನಗೆ ಅಷ್ಟೋತ್ತರವಿಲ್ಲ, ಮಂಗಳಾರತಿಯಿಲ್ಲ. ಉತ್ತರ ಯೂರೋಪಿನ ಹಳೆಯ ದೇವತೆಗಳ ಒಡೆಯ ಓಡಿನ್‌ನ ಮಗ ನೀನು. ನಿನ್ನ ತಾಯಿ ಗ್ರಿಡ್, ದೈತ್ಯರ ಕುಲದವಳು. 1220ರ ಸುಮಾರಿಗೆ ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ತನ್ನ ಎಡ್ಡಾ ಎಂಬ ಪುರಾಣಗ್ರಂಥದಲ್ಲಿ ನಿನ್ನ ಬಗ್ಗೆ ಬರೆದದ್ದು ಕೆಲವೇ ಮಾತು: ಮೌನಿ, ದಪ್ಪ ಮೆಟ್ಟಿನವನು, ಬಲದಲ್ಲಿ ಗುಡುಗಿನ ದೇವರಾದ ಥಾರ್‌ನ ನಂತರ ನೀನೇ.

ಆ ಮೆಟ್ಟಿನ ಮುಂದೆ ನಾನು ನಿಂತುಬಿಟ್ಟೆ. ಚಪ್ಪಲಿಯನ್ನು ಗುಡಿಯ ಹೊರಗೆ ಬಿಟ್ಟು ಒಳಗೆ ಹೋಗುವವರ ಮನೆಯಲ್ಲಿ ಬೆಳೆದವಳು ನಾನು. ನಿನ್ನ ಹತ್ತಿರ ಬಂದರೆ ಮೊದಲು ಕೈ ಮುಗಿಯಬೇಕಾದದ್ದೇ ಅದಕ್ಕೆ.

ಅದು ದೇವತೆಗಳ ಆಯುಧಗಳ ಹಾಗೆ ಕುಬ್ಜ ಕಮ್ಮಾರರು ಕುಲುಮೆಯಲ್ಲಿ ಕಾಯಿಸಿ ಬಡಿದು ಕೊಟ್ಟದ್ದಲ್ಲ. ಮೆಟ್ಟು ಹೊಲಿಯುವಾಗ ಬೆರಳಿನ ಕಡೆ ಒಂದಿಷ್ಟು, ಹಿಮ್ಮಡಿಯ ಕಡೆ ಒಂದಿಷ್ಟು ತೊಗಲು ಹೆಚ್ಚಾಗಿ ಉಳಿಯುತ್ತದೆ. ಅದನ್ನು ರಂಪಿಗೆಯಿಂದ ಕತ್ತರಿಸಿ ತೆಗೆಯುತ್ತಾರೆ. ಉಗುರಿನ ಹಾಗೆ ಬಾಗಿದ ಚೂರು, ಒಂದು ಕಡೆ ನುಣುಪು, ಇನ್ನೊಂದು ಕಡೆ ಜುಂಗು. ಯಾವ ಕೆಲಸಕ್ಕೂ ಬಾರದ್ದು. ಕಾಲಕಾಲದಿಂದ ಜನ ಹೀಗೆ ಎಸೆದ ಚೂರುಗಳೇ ಒಂದರ ಮೇಲೊಂದು ಕೂಡಿ ನಿನ್ನ ಮೆಟ್ಟಿನ ಅಟ್ಟೆಯಾಗಿವೆಯಂತೆ. ದೇವತೆಗಳಿಗೆ ನೆರವಾಗಬೇಕು ಅನ್ನುವವರು ಆ ಚೂರುಗಳನ್ನು ತಪ್ಪದೆ ಎಸೆಯಲಿ ಎಂದು ಸ್ನೋರಿ ಹೇಳುತ್ತಾನೆ. ದೇವರಿಗೇ ನೆರವು! ಅದೂ ಚಮ್ಮಾರನ ಕೈಯಿಂದ, ಅವನು ಕೂತ ಜಾಗದಿಂದಲೇ. ಇದನ್ನು ಓದಿದ ದಿನ ನನಗೆ ಅಳು ಬಂತು.

ಸ್ವಾಮೀ, ನಿನ್ನ ಮೌನವನ್ನೂ ನೆನೆಯುತ್ತೇನೆ. ಕಡಲ ದೈತ್ಯ ಏಗಿರ್‌ನ ಮನೆಯಲ್ಲಿ ದೇವತೆಗಳ ಔತಣಕ್ಕೆ ಕುತಂತ್ರಿ ಲೋಕಿ ನುಗ್ಗಿ ಬಂದಾಗ, ಏಳು, ತೋಳನ ಅಪ್ಪನಿಗೆ ಜಾಗ ಬಿಡು ಎಂದು ಓಡಿನ್ ಹೇಳಿದ್ದು ನಿನಗೇ. ನೀನು ಎದ್ದೆ. ಅವನ ಬಟ್ಟಲಿಗೆ ಪಾನೀಯವನ್ನೂ ಸುರಿದೆ. ಆಮೇಲೆ ಲೋಕಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಹಳಿದ. ನಿನ್ನನ್ನು ಮಾತ್ರ ಹಳಿಯಲಿಲ್ಲ. ನಿನ್ನ ತಂದೆಯನ್ನು ನುಂಗಲಿರುವ ಫೆನ್ರಿರ್ ತೋಳ ಆ ಲೋಕಿಯ ಮಗ ಎಂಬುದು ಆ ಮನೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನಿನ್ನ ಕೈ ನಡುಗದೆ ಹೇಗೆ ಸುರಿಯಿತು? ನನಗೆ ಬೇಕಾದದ್ದು ಆ ಕೈ.

ನಿನ್ನ ನೆಲೆ ವಿದಿ. ಅಲ್ಲಿ ಚಿನ್ನದ ಚಾವಣಿ ಕಾಣುವುದಿಲ್ಲ. ಪೊದೆ, ಆಳೆತ್ತರದ ಹುಲ್ಲು ಅಷ್ಟೇ. ಆ ಹುಲ್ಲಿನ ನಡುವೆ ಕುದುರೆಯ ಬೆನ್ನ ಮೇಲಿಂದ, ತಂದೆಯ ಸಾವಿನ ಸೇಡು ತೀರಿಸುತ್ತೇನೆ ಎಂದು ನೀನು ಸಾರುವುದುಂಟು. ಮೌನಿಯ ಬಾಯಿಗೆ ಬಂದದ್ದು ಅದೊಂದೇ ಮಾತು.

ಲೋಕ ಮುಗಿಯುವ ಆ ದಿನ ತೋಳನ ಮೇಲ್ದವಡೆ ಆಕಾಶಕ್ಕೆ, ಕೆಳದವಡೆ ನೆಲಕ್ಕೆ ತಾಗಿರುತ್ತದೆ. ಓಡಿನ್‌ನನ್ನು ಅದು ನುಂಗುತ್ತದೆ. ನೀನು ತಡೆಯಲಾರೆ. ಆದರೆ ಆ ಕೂಡಲೇ ಬರುತ್ತೀ. ಮೆಟ್ಟು ತೊಟ್ಟ ಕಾಲಿನಿಂದ ಕೆಳದವಡೆಯನ್ನು ಮೆಟ್ಟುತ್ತೀ, ಕೈಯಿಂದ ಮೇಲ್ದವಡೆ ಹಿಡಿದು ಸೀಳುತ್ತೀ. ನಮ್ಮಲ್ಲಿ ವಿದಾರಣವೆಂದರೆ ಸೀಳುವುದೇ. ನಿನ್ನ ಹೆಸರಿಗೂ ಈ ಮಾತಿಗೂ ನಂಟಿಲ್ಲ, ಕಾಕತಾಳೀಯ. ಆದರೂ ಕರೆಯುವಾಗಲೆಲ್ಲ ನನ್ನ ಕಿವಿಗೆ ಅದು ಕೇಳಿಸುತ್ತದೆ.

ಇಂಗ್ಲೆಂಡಿನ ಕಂಬ್ರಿಯಾದಲ್ಲಿ, ಗಾಸ್ಫರ್ತ್ ಊರಿನ ಚರ್ಚಿನ ಅಂಗಳದಲ್ಲಿ ಕೆಂಪು ಮರಳುಗಲ್ಲಿನ ಶಿಲುಬೆಯೊಂದಿದೆ. 10ನೇ ಶತಮಾನದ್ದು, 4 ಮೀಟರಿಗೂ ಎತ್ತರ. ಅದೇ ಕಲ್ಲಿನಲ್ಲಿ ಕ್ರಿಸ್ತನೂ ಇದ್ದಾನೆ, ದವಡೆಗೆ ಕಾಲಿಟ್ಟು ನಿಂತವನೊಬ್ಬನೂ ಇದ್ದಾನೆ. ಅವನು ನೀನೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಹೊಸ ದೇವರನ್ನು ಬರಮಾಡಿಕೊಂಡವರಿಗೂ ನಿನ್ನನ್ನು ಕೈಬಿಡಲು ಮನಸ್ಸು ಬರಲಿಲ್ಲ.

ಲೋಕ ಬೆಂದ ಮೇಲೂ ಉಳಿಯುವವರಲ್ಲಿ ನೀನೊಬ್ಬ. ಕಡಲು, ದೈತ್ಯ ಸುರ್ತ್‌ನ ಬೆಂಕಿ, ಯಾವುದೂ ನಿನ್ನನ್ನು ಮುಟ್ಟದು. ಆಗ ಕಾಲಿನಿಂದ ಆ ಮೆಟ್ಟನ್ನು ಬಿಚ್ಚಿಡುತ್ತೀಯೋ ಏನೋ.

ಅದಕ್ಕೆ ಮೊದಲು ಇದೊಂದನ್ನು ತೆಗೆದುಕೋ. ನಿನ್ನೆ ನನ್ನ ಹಳೆಯ ಚಪ್ಪಲಿಗೆ ಹೊಸ ಅಟ್ಟೆ ಹಾಕಿಸಿದೆ. ಕತ್ತರಿಸಿ ಬಿದ್ದ ಹಿಮ್ಮಡಿಯ ಚೂರನ್ನು ಕೇಳಿ ತಂದಿದ್ದೇನೆ. ಹೆಬ್ಬೆರಳಿನಷ್ಟೂ ಇಲ್ಲ. ನಿನ್ನ ಮೆಟ್ಟಿನಲ್ಲಿ ಎಲ್ಲಿ ತೆಳುವಾಗಿದೆಯೋ, ಹಲ್ಲು ಎಲ್ಲಿ ತಾಗುವುದೋ, ಅಲ್ಲಿ ಇದನ್ನಿಟ್ಟು ಹೊಲಿದುಕೋ.