ದೇಹದ ಲಿಂಗ, ಭಾವದ ಲಿಂಗ

ಹೆಣ್ಣು ಯಾರೆಂದು ಹೇಳಬೇಕಾದದ್ದು ದೇಹ ನೋಡಿಯೋ, ಒಳಗಿನ ಭಾವ ನೋಡಿಯೋ? ಈ ಪ್ರಶ್ನೆ ಹೊಸತೆನ್ನುವವರು ಜೈನರ ಕರ್ಮಸಿದ್ಧಾಂತವನ್ನು ನೋಡಬೇಕು. ಅದರ ಪ್ರಕಾರ ಅಂಗಾಂಗಗಳನ್ನು ರೂಪಿಸುವುದು ನಾಮಕರ್ಮ, ಹಾಗೆ ರೂಪುಗೊಂಡ ದೇಹದ ಲಿಂಗವೇ ದ್ರವ್ಯವೇದ. ಸ್ತ್ರೀ, ಪುರುಷ, ನಪುಂಸಕವೆಂಬ ಭಾವವೇದಕ್ಕೆ ಕಾರಣ ಮೋಹನೀಯ ಕರ್ಮ. ಕಾರಣಗಳೇ ಬೇರೆಯಾದ್ದರಿಂದ ಎರಡೂ ಒಂದಕ್ಕೊಂದು ಹೊಂದಲೇಬೇಕೆಂದಿಲ್ಲ. ಮೂಡುಬಿದಿರೆಯ ತಾಳೆಗರಿಗಳಲ್ಲಿ ಉಳಿದುಬಂದ ದಿಗಂಬರರ ಆಗಮಗ್ರಂಥ ಷಟ್ಖಂಡಾಗಮವು ‘ಮನುಷ್ಯಿಣಿ’ಗೆ, ಅಂದರೆ ಮನುಷ್ಯಸ್ತ್ರೀಗೆ, ಮೋಕ್ಷದತ್ತ ಏರುವ ಮೆಟ್ಟಿಲುಗಳಾದ ಹದಿನಾಲ್ಕೂ ಗುಣಸ್ಥಾನಗಳನ್ನು ಹೇಳುತ್ತದೆ. ಅದಕ್ಕೆ ಧವಲಾ ಟೀಕೆ ಬರೆದ ವೀರಸೇನರಿಗೆ ಇದು ಇಕ್ಕಟ್ಟು. ದಿಗಂಬರ ಮತದಲ್ಲಿ ಸ್ತ್ರೀದೇಹಕ್ಕೆ ಮೋಕ್ಷವಿಲ್ಲವಲ್ಲ! ಅಲ್ಲಿರುವವಳು ಭಾವಸ್ತ್ರೀ, ಅಂದರೆ ಗಂಡುದೇಹದಲ್ಲಿ ಸ್ತ್ರೀಭಾವವುಳ್ಳ ಜೀವ, ಎಂದು ಅವರು ಅರ್ಥೈಸಿದರು. ಜೈನರದೇ ಇನ್ನೊಂದು ಪಂಥವಾದ ಯಾಪನೀಯಕ್ಕೆ ಸೇರಿದ 9ನೇ ಶತಮಾನದ ವೈಯಾಕರಣ ಶಾಕಟಾಯನ ಇಂಥ ವಾದವನ್ನು ಒಪ್ಪಲಿಲ್ಲ. ಲೋಕ ಹೆಣ್ಣೆನ್ನುವುದು ದೇಹ ನೋಡಿಯೇ, ಆ ದೇಹಕ್ಕೇ ಮೋಕ್ಷವುಂಟು ಎಂಬುದು ಆತನ ಪಟ್ಟು. ಸೋಜಿಗ ನೋಡಿ: ಇಲ್ಲಿ ಬಾಗಿಲು ತೆರೆದದ್ದು ದೇಹದ ವ್ಯಾಖ್ಯೆ, ಮುಚ್ಚಿದ್ದು ಭಾವದ್ದು.

ಹಾಗಾಗಿ ಯಾವುದೇ ವ್ಯಾಖ್ಯೆ ತನ್ನಷ್ಟಕ್ಕೆ ಉದಾರವೂ ಅಲ್ಲ, ಕ್ರೂರವೂ ಅಲ್ಲ. ಅದನ್ನು ಯಾವ ಕೆಲಸಕ್ಕೆ ಹಿಡಿದಿದ್ದೇವೆಂದು ಕೇಳಬೇಕು. ವೇದವೆಂದರೆ ಕಾಮಾಭಿಲಾಷೆ, ಇಂದಿನ ಲಿಂಗತ್ವದ ಗುರುತಲ್ಲ ಎಂಬ ಆಕ್ಷೇಪ ಸರಿಯೇ. ಆದರೂ ದೇಹವೋ ಭಾವವೋ ಎಂಬ ಕವಲು ಇಂದಿಗೂ ಅದೇ. ಚಿಕಿತ್ಸೆಗೆ ಕೂತ ವೈದ್ಯರಿಗೆ ವರ್ಣತಂತು, ಹಾರ್ಮೋನುಗಳ ಲೆಕ್ಕ ಬೇಕು. ನಾಗರಿಕನ ಘನತೆಯ ಪ್ರಶ್ನೆ ಎದುರಾದಾಗ, ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಕುರಿತ 2014ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ದೇಹದ ಪರೀಕ್ಷೆಯನ್ನು ಬದಿಗಿಟ್ಟು ಮನಸ್ಸಿನ ಗುರುತಿಗೆ ಮನ್ನಣೆ ಕೊಟ್ಟಿತು.