ಕಪಾಟಿನ ಮೇಲಿನ ಕಂಬಳಿ

ಗುತ್ತಿಗಾರಿನಲ್ಲಿ ಚಳಿಯ ಮಾತೆತ್ತಿದರೆ ನಗುವವರೇ ಹೆಚ್ಚು. ನಮ್ಮ ಜಿಲ್ಲೆಯೆಂದರೆ ಸೆಕೆ, ಬೆವರು ಮತ್ತು ಮಳೆ. ಚಳಿಯೇನಿದ್ದರೂ ಘಟ್ಟದ ಮೇಲಿನ ಮಡಿಕೇರಿಯವರಿಗೆ ಎಂಬುದು ನಮ್ಮ ಲೆಕ್ಕ. ಆದರೆ ಡಿಸೆಂಬರ್, ಜನವರಿ ತಿಂಗಳಲ್ಲಿ ಸುಬ್‌ಹ್ ನಮಾಝಿಗೆ ಮಸೀದಿಗೆ ಹೋಗುವವರನ್ನು ಕೇಳಿ ನೋಡಿ. ವುಝೂ ಮಾಡಲು ಹೌಝಿನ ನೀರಿಗೆ ಕೈಯಿಕ್ಕುವಾಗ ಒಂದು ಕ್ಷಣ ಮನಸ್ಸು ಹಿಂಜರಿಯುತ್ತದೆ. ಅಡಿಕೆ ತೋಟದ ಮೇಲೆ ಮಂಜು ಇಳಿದಿರುತ್ತದೆ. ನಾವು ನಮಾಝ್ ಮುಗಿಸಿ ಮನೆಗೆ ಬಂದು ಬಿಸಿ ಚಹಾ ಕುಡಿಯುತ್ತೇವೆ. ಅದೇ ಹೊತ್ತಿಗೆ ರಬ್ಬರ್ ತೋಟದಲ್ಲಿ ತಲೆಗೆ ಲೈಟು ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುವ ಟ್ಯಾಪಿಂಗ್ ಕೆಲಸದವರಿದ್ದಾರೆ. ತಂಪು ಹೊತ್ತಿನಲ್ಲಿ ಹಾಲು ಚೆನ್ನಾಗಿ ಇಳಿಯುತ್ತದೆ, ಆದ್ದರಿಂದ ಬಿಸಿಲೇರುವ ತನಕ ಕಾಯುವಂತಿಲ್ಲ. ಸುಳ್ಯ, ಪುತ್ತೂರು ಕಡೆಯ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ದುಡಿಯುವವರಲ್ಲಿ ಹಲವರು 1964ರ ಶಾಸ್ತ್ರಿ-ಸಿರಿಮಾವೋ ಒಪ್ಪಂದದ ಬಳಿಕ ಆಗಿನ ಸಿಲೋನಿನಿಂದ ಬಂದ ತಮಿಳು ಕುಟುಂಬಗಳವರು, ಅವರ ಮಕ್ಕಳು, ಮೊಮ್ಮಕ್ಕಳು. ಅವರಲ್ಲದೆ ಇಂದು ಅಸ್ಸಾಮಿನಿಂದ, ಒಡಿಶಾದಿಂದ, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದು ಶೀಟು ಹೊದೆಸಿದ ಶೆಡ್ಡುಗಳಲ್ಲಿ ಮಲಗುವವರೂ ಇದ್ದಾರೆ. ರಾತ್ರಿಯ ಇಬ್ಬನಿಗೆ ಆ ಶೀಟು ಒಳಗಿನಿಂದಲೂ ಒದ್ದೆಯಾಗುತ್ತದೆ.

ನಮ್ಮ ನೆರೆಯಲ್ಲೇ ಇರುವ ಈ ಜನರು ನಮ್ಮ ಬಾಗಿಲಿಗೆ ಬಂದು ಕಂಬಳಿ ಕೇಳುವುದಿಲ್ಲ. ಬೇಡದೆ ಮಾನವಾಗಿ ಬಾಳುವ ಬಡವರನ್ನು ಕಂಡು, ತಿಳಿಯದವರು ಅವರನ್ನು ಅನುಕೂಲಸ್ಥರೆಂದೇ ಎಣಿಸುತ್ತಾರೆ ಎಂದು ಪವಿತ್ರ ಕುರ್‌ಆನ್ ಎಚ್ಚರಿಸಿದೆ (ಅಲ್ ಬಕರ: 273). ಆ ತಿಳಿಯದವರ ಸಾಲಿನಲ್ಲಿ ನಾವೂ ನಿಂತಿಲ್ಲವೇ?

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆಯನ್ನು ಜರೀರ್ ಬಿನ್ ಅಬ್ದುಲ್ಲಾ(ರ) ವರದಿ ಮಾಡಿದ್ದಾರೆ. ಇಮಾಮ್ ಮುಸ್ಲಿಮ್ ಅದನ್ನು ದಾಖಲಿಸಿದ್ದಾರೆ. ಒಂದು ದಿನ ಬೆಳಗಿನ ಹೊತ್ತು ಮುದರ್ ಗೋತ್ರದ ಕೆಲವರು ಮದೀನಕ್ಕೆ ಬಂದರು. ಬರಿಗಾಲು. ಪಟ್ಟೆಯ ಉಣ್ಣೆಬಟ್ಟೆಯ ತುಂಡಿಗೆ ನಡುವೆ ಸೀಳು ಮಾಡಿ ತಲೆಯಿಂದ ಇಳಿಬಿಟ್ಟುಕೊಂಡಿದ್ದರು, ಅಷ್ಟೇ ಉಡುಗೆ. ಅವರ ಸ್ಥಿತಿಯನ್ನು ಕಂಡು ಪ್ರವಾದಿವರ್ಯರ(ಸ) ಮುಖದ ಬಣ್ಣವೇ ಬದಲಾಯಿತು. ಮನೆಯೊಳಗೆ ಹೋದರು, ಹೊರಗೆ ಬಂದರು. ಬಿಲಾಲ್(ರ)ರಿಂದ ಅಝಾನ್ ಹೇಳಿಸಿ ನಮಾಝ್ ಮಾಡಿದ ಮೇಲೆ ಜನರನ್ನುದ್ದೇಶಿಸಿ ಮಾತನಾಡಿದರು. ದೀನಾರ್ ಇದ್ದವನು ದೀನಾರ್, ದಿರ್‌ಹಮ್ ಇದ್ದವನು ದಿರ್‌ಹಮ್, ಬಟ್ಟೆ ಇದ್ದವನು ಬಟ್ಟೆ, ಏನೂ ಇಲ್ಲದವನು ಅರ್ಧ ಖರ್ಜೂರವನ್ನಾದರೂ ಕೊಡಲೆಂದರು. ಅನ್ಸಾರಿಯೊಬ್ಬರು ಕೈಯಲ್ಲಿ ಹೊರಲಾರದಷ್ಟು ಭಾರದ ಚೀಲವೊಂದನ್ನು ತಂದರು. ಅವರ ಹಿಂದೆ ಜನ ಸಾಲುಗಟ್ಟಿದರು. ಕೊನೆಗೆ ಆಹಾರದ್ದೊಂದು, ಬಟ್ಟೆಯದ್ದೊಂದು, ಹೀಗೆ ಎರಡು ರಾಶಿಗಳು ಬಿದ್ದವು. ಆಗ ಪ್ರವಾದಿವರ್ಯರ(ಸ) ಮುಖ ಚಿನ್ನದ ನೀರು ಹೊಯ್ದಂತೆ ಬೆಳಗಿತು.

ಆ ಬಂದವರು ಬಾಯಿ ಬಿಟ್ಟು ಏನಾದರೂ ಕೇಳಿದರೆಂದು ಆ ವರದಿಯಲ್ಲಿಲ್ಲ. ಕಂಡದ್ದೇ ಸಾಕಾಯಿತು.

ಇನ್ನು ನನ್ನದೇ ಒಂದು ಕತೆ ಹೇಳಬೇಕು, ಹೇಳಲು ಸಂಕೋಚವಿದೆ. ಕೆಲವು ವರ್ಷಗಳ ಹಿಂದೆ ನಮ್ಮ ಮೊಹಲ್ಲಾದ ಯುವಕರು ಚಳಿಬಟ್ಟೆ ಸಂಗ್ರಹಕ್ಕೆ ಹೊರಟರು. ಸ್ವೆಟರ್, ಜಾಕೆಟ್, ಶಾಲು, ಕಂಬಳಿ ಯಾವುದಾದರೂ ಸರಿ ಎಂದು ಜುಮಾದ ಬಳಿಕ ಪ್ರಕಟಿಸಲಾಯಿತು. ಮೂರೇ ದಿನಗಳಲ್ಲಿ ಮದ್ರಸದ ಜಗಲಿಯಲ್ಲಿ ಗೋಣಿಗಳು ತುಂಬಿದವು. ಅವನ್ನು ಬೇರ್ಪಡಿಸಲು ಕುಳಿತವರಲ್ಲಿ ನಾನೂ ಒಬ್ಬ. ಜಿಪ್ಪು ಕಿತ್ತುಹೋದ ಜಾಕೆಟ್, ಮೊಣಕೈ ಹರಿದ ಸ್ವೆಟರ್, ವಾಸನೆ ಹೋಗದ ಮಗುವಿನ ಹೊದಿಕೆ. ಒಂದು ಗೋಣಿಯಲ್ಲಿ ಒಂಟಿ ಕಾಲುಚೀಲ ಸಿಕ್ಕಿತು. ಒಂಟಿ ಕಾಲಿನ ಬಡವ ಎಲ್ಲಿದ್ದಾನೆಂದು ಎಣಿಸಿ ಕೊಟ್ಟರೋ, ಅಲ್ಲಾಹನೇ ಬಲ್ಲ. ನಾನು ಜನರ ಜಿಪುಣತನವನ್ನು ಮನಸ್ಸಿನಲ್ಲೇ ಬಯ್ಯುತ್ತಾ ಕೆಲಸ ಮಾಡುತ್ತಿದ್ದೆ. ಅಷ್ಟರಲ್ಲಿ ಹಸಿರು ಸ್ವೆಟರೊಂದು ಕೈಗೆ ಬಂತು. ಕುತ್ತಿಗೆ ಸಡಿಲಾಗಿತ್ತು, ಬೆನ್ನಿನಲ್ಲಿ ಇಲಿ ಕಡಿದ ತೂತು. ಅದು ನನ್ನದೇ ಸ್ವೆಟರ್. ಮೂರು ದಿನದ ಹಿಂದೆ ನಾನೇ ಮಡಚಿ ಚೀಲಕ್ಕೆ ಹಾಕಿದ್ದೆ. ಹಾಕುವಾಗ ಸದಕಾ ಕೊಟ್ಟ ಸಮಾಧಾನವೂ ನನಗಾಗಿತ್ತು. ಈಗ ನೆನೆದರೆ ಅದೇ ಹೆಚ್ಚು ಅಂಜಿಕೆ ಹುಟ್ಟಿಸುತ್ತದೆ. ಯಾರೂ ಕಾಣದಂತೆ ಅದನ್ನು ಕಂಕುಳಲ್ಲಿ ಅಡಗಿಸಿ ಮನೆಗೆ ತಂದೆ.

ಅಂದು ರಾತ್ರಿ ಸೂರಃ ಅಲ್ ಬಕರದ 267ನೆಯ ಸೂಕ್ತವನ್ನು ಮತ್ತೊಮ್ಮೆ ಓದಿದೆ. ನಮಗೇ ಯಾರಾದರೂ ಕೊಟ್ಟರೆ ಕಣ್ಣು ಮುಚ್ಚಿಕೊಂಡಲ್ಲದೆ ತೆಗೆದುಕೊಳ್ಳಲಾರದಂತಹ ಕೀಳು ವಸ್ತುವನ್ನು ಆರಿಸಿ ದಾನ ಮಾಡಲು ಹೊರಡಬೇಡಿ ಎಂಬುದು ಅದರ ತಾತ್ಪರ್ಯ. ಈ ಸೂಕ್ತದ ಹಿನ್ನೆಲೆಯನ್ನು ಬರಾ ಬಿನ್ ಆಝಿಬ್(ರ) ವಿವರಿಸಿದ್ದು ತಿರ್ಮಿದಿಯಲ್ಲಿದೆ. ಮದೀನದ ಅನ್ಸಾರಿಗಳು ಖರ್ಜೂರದ ಗೊನೆಗಳನ್ನು ತಂದು ಮಸೀದಿಯಲ್ಲಿ ತೂಗುಹಾಕುತ್ತಿದ್ದರು. ಹಸಿದ ಬಡವರು ಬಂದು ಅದರಿಂದ ತಿನ್ನುತ್ತಿದ್ದರು. ಅದರ ನಡುವೆ ಕೆಲವರು ಒಣಗಿ ಸುಕ್ಕಿದ, ಕೆಟ್ಟ ಗೊನೆಯನ್ನೂ ತಂದು ತೂಗುಹಾಕಿದರು. ಅಂದರೆ ಮಸೀದಿಯ ಜಗಲಿಯ ಗೋಣಿಯೂ ಹೊಸತಲ್ಲ, ಅದರೊಳಗೆ ತೂರಿಕೊಂಡ ಹರಿದ ಸ್ವೆಟರೂ ಹೊಸತಲ್ಲ.

ಚಳಿ ನಮ್ಮಲ್ಲಿ ಜೀವ ತೆಗೆಯುವಷ್ಟಿಲ್ಲ, ಅಲ್‌ಹಮ್ದುಲಿಲ್ಲಾಹ್. ಉತ್ತರ ಭಾರತದಲ್ಲಿ ಹಾಗಲ್ಲ. ದಿಲ್ಲಿಯಲ್ಲಿ ವಾರಸುದಾರರಿಲ್ಲದ ಶವಗಳನ್ನು ಸಾಗಿಸುವ ಕೆಲಸದವನೊಬ್ಬನನ್ನು ಅಂಶು ಗುಪ್ತಾ ಎಂಬವರು ಭೇಟಿಯಾಗಿದ್ದರು. ಚಳಿಗಾಲದಲ್ಲಿ ಅವನಿಗೆ ಕೈತುಂಬ ಕೆಲಸ. ಚಳಿಯಾದಾಗ ಶವವನ್ನು ತಬ್ಬಿ ಮಲಗುತ್ತೇನೆ, ಅದು ಹೊರಳಾಡುವುದಿಲ್ಲ ಎಂದು ಅವನ ಪುಟ್ಟ ಮಗಳು ಹೇಳಿದ್ದನ್ನು ಗುಪ್ತಾ ಅವರು ಮರೆಯಲಿಲ್ಲ. 1999ರಲ್ಲಿ ತಮ್ಮ ಮನೆಯ 67 ಬಟ್ಟೆಗಳಿಂದ ಅವರು ಆರಂಭಿಸಿದ ಗೂಂಜ್ ಸಂಸ್ಥೆ ಇಂದು ದೇಶದಾದ್ಯಂತ ಬಟ್ಟೆ ಸಂಗ್ರಹಿಸಿ ತಲುಪಿಸುತ್ತದೆ. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇದೇ ಸಂಸ್ಥೆಯವರು 2004ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಯಲ್ಲಿ ಇನ್ನೊಂದು ದೃಶ್ಯವನ್ನೂ ಕಂಡರು. ದೇಶದ ಮೂಲೆಮೂಲೆಯಿಂದ ಲಾರಿಗಟ್ಟಲೆ ಬಂದ ಹಳೆಯ ಬಟ್ಟೆಗಳು ರಸ್ತೆಬದಿಯಲ್ಲಿ ರಾಶಿ ಬಿದ್ದಿದ್ದವು. ಮನೆಮಠ ಕಳೆದುಕೊಂಡ ಮೀನುಗಾರರೂ ಅದನ್ನು ಮುಟ್ಟಲಿಲ್ಲ. ದುಡಿದು ಉಣ್ಣುತ್ತಿದ್ದವರು ಅವರು. ಕಳೆದುಕೊಂಡದ್ದು ಮನೆಯನ್ನು, ಮಾನವನ್ನಲ್ಲ.

ಈಗ ಗಲ್ಫ್ ಕಂಬಳಿಯ ವಿಷಯಕ್ಕೆ ಬರೋಣ. ನಮ್ಮ ಕಡೆಯ ಅನೇಕ ಮನೆಗಳ ಕಪಾಟಿನ ಮೇಲೆ ಅದೊಂದು ಇದ್ದೇ ಇರುತ್ತದೆ: ದೊಡ್ಡ ಹೂವಿನ ಚಿತ್ರದ, ಮೃದುವಾದ, ಜಿಪ್ಪಿನ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಕಂಬಳಿ. ಮಗನೋ ಅಳಿಯನೋ ದುಬೈಯಿಂದ, ದಮಾಮಿನಿಂದ ಹೊತ್ತು ತಂದದ್ದು. ನೆಂಟರು ಬಂದಾಗ ಒಮ್ಮೆ ಹೊರಬರುತ್ತದೆ, ಇಲ್ಲದಿದ್ದರೆ ವರ್ಷವಿಡೀ ಅಲ್ಲೇ. ಗೋಣಿಗೆ ಏನು ಹಾಕಲಿ ಎಂದು ಹುಡುಕುವಾಗ ನಮ್ಮ ಕೈ ಅದರ ಕಡೆಗೆ ಹೋಗುವುದಿಲ್ಲ. ಪ್ರಿಯವಾದುದನ್ನು ಖರ್ಚು ಮಾಡದೆ ಪುಣ್ಯದ ದರ್ಜೆಗೆ ತಲುಪಲಾರಿರಿ ಎಂಬ ಆಲಿ ಇಮ್ರಾನ್ ಸೂರಃದ ವಚನ (92) ಕೇಳಿ ಅಬೂ ತಲ್‌ಹಾ(ರ) ತಮಗೆ ಎಲ್ಲಕ್ಕಿಂತ ಪ್ರಿಯವಾಗಿದ್ದ ಬೈರುಹಾ ತೋಟವನ್ನೇ ದಾನ ಮಾಡಿದರು. ನಾವು ತೋಟ ಕೊಡಬೇಕಾಗಿಲ್ಲ.

ಉಡುಪಿನದೇ ಉದಾಹರಣೆ ಬೇಕೆಂದರೆ ಸಹ್ಲ್ ಬಿನ್ ಸಅದ್(ರ) ವರದಿ ಮಾಡಿದ ಹದೀಸ್ ಬುಖಾರಿಯಲ್ಲಿದೆ. ಮಹಿಳೆಯೊಬ್ಬರು ತಮ್ಮ ಕೈಯಾರೆ ನೇಯ್ದ ಅಂಚುಳ್ಳ ಹೊದಿಕೆಯೊಂದನ್ನು ಪ್ರವಾದಿವರ್ಯರಿಗೆ(ಸ) ಅರ್ಪಿಸಿದರು. ಅವರಿಗೆ ಅದರ ಅಗತ್ಯವಿತ್ತು, ಉಟ್ಟುಕೊಂಡು ಹೊರಗೆ ಬಂದರು. ಒಬ್ಬರು ಅದನ್ನು ಮೆಚ್ಚಿ, ನನಗೆ ಕೊಡುವಿರಾ ಎಂದು ಕೇಳಿಬಿಟ್ಟರು. ಪ್ರವಾದಿವರ್ಯರು(ಸ) ಕೊಟ್ಟುಬಿಟ್ಟರು. ಅವರಿಗೇ ಬೇಕಾಗಿತ್ತಲ್ಲ, ಕೇಳಿದವರನ್ನು ಅವರು ಬರಿಗೈಯಲ್ಲಿ ಕಳುಹಿಸುವುದಿಲ್ಲವೆಂದು ಗೊತ್ತಿದ್ದೂ ಕೇಳಿದೆಯಲ್ಲ ಎಂದು ಸಂಗಾತಿಗಳು ಆತನನ್ನು ಆಕ್ಷೇಪಿಸಿದರು. ನನ್ನ ಕಫನಿಗೆಂದು ಕೇಳಿದೆ ಎಂದನಾತ. ಕೊನೆಗೆ ಅದೇ ಅವನ ಕಫನಾಯಿತು.

ಆದರೆ ಪ್ರಿಯವಾದುದೆಲ್ಲ ಪಡೆಯುವವನಿಗೆ ಉಪಯುಕ್ತವೆಂದೂ ಇಲ್ಲ. ಮರುವರ್ಷ ನಮ್ಮ ಹುಡುಗರು ಬುದ್ಧಿವಂತಿಕೆ ಮಾಡಿದರು, ಮೊದಲೇ ಶೆಡ್ಡುಗಳಿಗೆ ಹೋಗಿ ವಿಚಾರಿಸಿದರು. ದಪ್ಪ ಕಂಬಳಿ ಬೇಡ ಎಂದರು ಅಲ್ಲಿದ್ದವರು. ಒಮ್ಮೆ ಒದ್ದೆಯಾದರೆ ಒಣಗಿಸಲು ಜಾಗವಿಲ್ಲ, ಊರು ಬಿಟ್ಟು ಹೋಗುವಾಗ ಹೊರಲೂ ಆಗುವುದಿಲ್ಲ. ಬೇಗ ಒಣಗುವ ತೆಳು ಕಂಬಳಿ, ಬೆಳಿಗ್ಗೆಯ ಕೆಲಸಕ್ಕೆ ಕೈ ಬಿಗಿಯದ ಸ್ವೆಟರ್, ಮಳೆಗಾಲಕ್ಕೆ ರೈನ್‌ಕೋಟ್ ಇದ್ದರೆ ಉಪಕಾರ ಎಂದರು. ಅಂಗಳವಿರುವ ಮನೆಯ ವೃದ್ಧರಿಗೆ ಗಲ್ಫ್ ಕಂಬಳಿ ಹೋಯಿತು. ಉಳಿದವರಿಗಾಗಿ ನಾವು ಹಣ ಕೂಡಿಸಿ ತೆಳು ಕಂಬಳಿಗಳನ್ನು ಹೊಸತೇ ಕೊಂಡೆವು. ಪ್ರತಿಜ್ಞಾಭಂಗದ ಪ್ರಾಯಶ್ಚಿತ್ತವಾಗಿ ಹತ್ತು ಬಡವರಿಗೆ ಉಣಿಸುವಾಗ ನಮ್ಮ ಮನೆಯವರಿಗೆ ನಾವು ಉಣಿಸುವ ಸಾಧಾರಣ ಮಟ್ಟದ್ದನ್ನೇ ಉಣಿಸಬೇಕೆಂದು, ಇಲ್ಲವೆ ಅವರಿಗೆ ಉಡಿಸಬೇಕೆಂದು ಅಲ್ಲಾಹನು ಆದೇಶಿಸಿದ್ದಾನೆ (ಅಲ್ ಮಾಇದ: 89). ಅಳತೆಗೋಲು ನಮ್ಮ ಮನೆಯೊಳಗೇ ಇದೆ.

ಝಕಾತಿನೊಂದಿಗೆ ಇದನ್ನು ಬೆರೆಸಬೇಡಿ. ಝಕಾತಿಗೆ ಅದರದೇ ಲೆಕ್ಕ, ಅದರದೇ ಹಕ್ಕುದಾರರಿದ್ದಾರೆ. ಹಳೆಯ ಜಾಕೆಟ್ ಕೊಟ್ಟು ಅದು ತೀರಿತೆಂದುಕೊಳ್ಳುವಂತಿಲ್ಲ. ಇದು ಐಚ್ಛಿಕ ಸದಕಾ. ಇದರಲ್ಲಿ ಮುಸ್ಲಿಮ್, ಹಿಂದೂ, ಕ್ರೈಸ್ತ ಎಂದು ನೋಡಬೇಕಾಗಿಲ್ಲ, ನಡುಗುವವನನ್ನು ನೋಡಿದರೆ ಸಾಕು. ಮತ್ತೆ ಆ ಮೊಬೈಲ್ ಫೋಟೋ! ಕಂಬಳಿಯ ಒಂದು ತುದಿ ನಾಲ್ವರು ಕೊಡುಗೈಗಳ ಹಿಡಿತದಲ್ಲಿ, ಇನ್ನೊಂದು ತುದಿ ತಲೆ ತಗ್ಗಿಸಿದ ಮುದುಕಿಯ ಕೈಯಲ್ಲಿ. ಎತ್ತಿ ಆಡಿ, ಮನನೋಯಿಸಿ ದಾನವನ್ನು ವ್ಯರ್ಥಗೊಳಿಸಬೇಡಿರೆಂಬ ಆಜ್ಞೆ (ಅಲ್ ಬಕರ: 264) ಈ ಫೋಟೋಗೆ ಅನ್ವಯಿಸುವುದಿಲ್ಲವೆಂದು ಯಾರು ಹೇಳಿದರು? ಕತ್ತಲಾದ ಮೇಲೆ ಹೋಗಿ ಕೊಟ್ಟು ಬಂದರೆ ಕಂಬಳಿಯ ಬಿಸಿ ಕಡಿಮೆಯಾಗುವುದಿಲ್ಲ.

ಸಂಗ್ರಹವನ್ನು ಚಳಿ ಆರಂಭವಾದ ಮೇಲಲ್ಲ, ಮಳೆ ನಿಂತು ಅಡಿಕೆ ಅಂಗಳಕ್ಕೆ ಬೀಳುವ ದಿನಗಳಲ್ಲೇ ಮಾಡುವುದು ಒಳ್ಳೆಯದು. ಆಗ ಬಿಸಿಲೂ ಇರುತ್ತದೆ. ಕೊಡುವುದನ್ನು ಒಗೆದು ಒಣಗಿಸಿ, ಜಿಪ್ಪು, ಗುಂಡಿ ನೋಡಿ ತನ್ನಿ. ಮಕ್ಕಳ ಸ್ವೆಟರಾದರೆ ಎಷ್ಟು ವರ್ಷದ ಮಗುವಿಗೆ ಆಗುತ್ತದೆಂದು ಒಂದು ಚೀಟಿ ಬರೆದು ಪಿನ್ನು ಹಾಕಿ. ಗೋಣಿಗೆ ಹಾಕುವ ಮೊದಲು ಒಮ್ಮೆ ನೀವೇ ಮೈಗೆ ಹಾಕಿ ನೋಡಿ. ನಾನು ಈಗ ಹಾಗೆಯೇ ಮಾಡುತ್ತೇನೆ. ಆ ಹಸಿರು ಸ್ವೆಟರ್ ನಮ್ಮ ಮನೆಯಲ್ಲಿ ಬೈಕು ಒರೆಸುವ ಬಟ್ಟೆಯಾಗಿದೆ.