ಶನಿವಾರದ ಮಿಠಾಯಿ

ನಮ್ಮನೇಲಿ ಮಗಳಿಗೆ ಚಾಕೊಲೇಟ್ ಶನಿವಾರ ಮಾತ್ರ, ಅದೂ ಊಟ ಆದ ಕೂಡಲೇ. ಸಕ್ಕರೆ ಎಷ್ಟು ತಿಂದೆವು ಅನ್ನೋದಕ್ಕಿಂತ ಎಷ್ಟು ಸಲ ತಿಂದೆವು, ಹಲ್ಲಿಗೆ ಎಷ್ಟು ಹೊತ್ತು ಅಂಟಿತ್ತು ಅನ್ನೋದು ಮುಖ್ಯ. ಪ್ರತಿ ಸಲವೂ ಬಾಯಲ್ಲಿನ ಬ್ಯಾಕ್ಟೀರಿಯಾ ಅದನ್ನು ಆಮ್ಲ ಮಾಡುತ್ತವೆ.

ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು 1940ರ ದಶಕದಲ್ಲಿ, ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ. ಬುದ್ಧಿಮಾಂದ್ಯ ರೋಗಿಗಳಿಗೆ ಅಂಟು ಟಾಫಿ ತಿನ್ನಿಸಿ, ಹುಳುಕು ಹಲ್ಲು ಎಣಿಸಿದರು. ಅವರ ಒಪ್ಪಿಗೆ ಯಾರೂ ಕೇಳಲಿಲ್ಲ. ಸ್ವೀಡನ್ ಮಕ್ಕಳ ‘ಶನಿವಾರದ ಮಿಠಾಯಿ’ಯ ಬೇರು ಅಲ್ಲಿದೆ.

ಹಾಗಂತ ಆ ತಿಳಿವಳಿಕೆಯನ್ನೇ ಬಿಟ್ಟುಬಿಡಬೇಕಾ? ಬಿಟ್ಟರೆ ಅವರ ಹಲ್ಲು ವಾಪಸ್ ಬರಲ್ಲ, ಮಗಳ ಹಲ್ಲೂ ಹಾಳಾಗಬಹುದು. ಬಳಸ್ತೀನಿ. ಆದರೆ ಪುಕ್ಕಟೆ ಸಿಕ್ಕಿದ್ದು ಅಂದ್ಕೊಳ್ಳಲ್ಲ. ‘ಶನಿವಾರಾನೇ ಯಾಕಪ್ಪಾ?’ ಅಂತ ಅವಳು ಕೇಳಿದ ದಿನ, ಅವರ ಕತೆಯನ್ನೂ ಹೇಳ್ತೀನಿ.